ಹಳೇ ಎಚ್‌ಎಂಟಿ ಕೊಳ್ಳುವ ಮುನ್ನ

ಹಳೆಯ ಎಚ್‌ಎಂಟಿ ಜನತಾ ಗಡಿಯಾರ ಕಣ್ಣಿಗೆ ಬಿದ್ದರೆ, ಹೊಳಪಿಗೆ ಮರುಳಾಗಬೇಡಿ. 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಬೆಂಗಳೂರಿನಲ್ಲಿ ಗಡಿಯಾರ ತಯಾರಿಕೆ ಶುರುಮಾಡಿದ ಈ ಕಂಪನಿಯ ಸರಕಿಗೆ ಈಗ ಹಳೆಯ ಡಯಲಿಗೆ ಮರುಬಣ್ಣ ಬಳಿದು ಮಾರುವವರ ಕಾಟ.

ಮೊದಲು ಡಯಲ್ ನೋಡಿ, ಭೂತಗನ್ನಡಿ ಹಿಡಿದೇ ನೋಡಿ. ಅಸಲಿ ಅಕ್ಷರದ ಅಂಚು ಚೂಪು. ಮರುಮುದ್ರಣದಲ್ಲಿ ಶಾಯಿ ಹರಡಿರುತ್ತದೆ, ನಿಮಿಷದ ಗೆರೆಗಳು ವಕ್ರವಾಗಿರುತ್ತವೆ. ಗಿಳಿಹಸಿರು, ಕಡುಗೆಂಪು ಜನತಾ ಎಂದರೆ ನನಗಂತೂ ಅನುಮಾನವೇ. ಅಸಲಿ ಡಯಲ್ ಮಾಸಿದ್ದರೂ ಅದಕ್ಕೇ ಬೆಲೆ ಹೆಚ್ಚು.

ಹಿಂಬದಿ ಬಿಚ್ಚಿಸಿ. ಕೀಲಿ ಕೊಡುವ 17 ಜ್ಯುವೆಲ್ ಯಂತ್ರದ ಮೇಲೆ ಎಚ್‌ಎಂಟಿ ಎಂದು ಕೊರೆದಿರಬೇಕು. ಬಿಚ್ಚಲು ಒಪ್ಪದ ಅಂಗಡಿಯಿಂದ ಹೊರಡಿ. ಬೆಲ್ಟು, ಗಾಜು ಹೊಸದಾಗಿದ್ದರೆ ಚಿಂತೆಯಿಲ್ಲ.