ಸರ್ಗೋಧಾದಿಂದ ಮರಳದ ಕೊಡಗಿನ ಪೈಲಟ್

ಪ್ರಶ್ನೆ: ಎಚ್‌ಎಎಲ್ ಮ್ಯೂಸಿಯಂನಲ್ಲಿ ಕ್ಯಾನ್‌ಬೆರಾ ಬಾಂಬರ್ ನೋಡಿದೆ. 1965ರ ಯುದ್ಧದಲ್ಲಿ ಸರ್ಗೋಧಾ ಮೇಲೆ ದಾಳಿಗೆ ಹೋಗಿ ತೀರಿಕೊಂಡ ಕೊಡಗಿನ ದೇವಯ್ಯನವರು ಇದ್ದದ್ದು ಇದೇ ವಿಮಾನದಲ್ಲೇ? ಜೊತೆಗಿದ್ದವರು ಏನಾದರು? ಅವರಿಗೆ ಪದಕ ಕೊಡಲು 23 ವರ್ಷ ಏಕೆ ಹಿಡಿಯಿತು?
– ಓದುಗರು, ಕುಂದಲಹಳ್ಳಿ

ಉತ್ತರ: ನೀವು ಕೇಳಿದ್ದು ಮೂರು ಪ್ರಶ್ನೆಯಾದರೂ ಮೊದಲೆರಡಕ್ಕೆ ಉತ್ತರ ಸಿಕ್ಕರೆ ಮೂರನೆಯದು ತಾನಾಗಿ ಬಿಡಿಸಿಕೊಳ್ಳುತ್ತದೆ. 

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಕ್ಯಾನ್‌ಬೆರಾದಲ್ಲಿ ಇರಲಿಲ್ಲ. ಈ ಗೊಂದಲ ಸಹಜ, ಏಕೆಂದರೆ ಆ ಯುದ್ಧದಲ್ಲಿ ಕ್ಯಾನ್‌ಬೆರಾಗಳೂ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡಿದ್ದವು. ನಮ್ಮ ವಾಯುಪಡೆಯ ಬಾಂಬರ್ ಮಾದರಿಯ ಕ್ಯಾನ್‌ಬೆರಾದಲ್ಲಿ ಇಬ್ಬರು ಇರುತ್ತಿದ್ದರು: ಮೇಲೆ ಗಾಜಿನ ಗುಮ್ಮಟದಡಿ ಪೈಲಟ್, ಮುಂದಿನ ಮೂತಿಯೊಳಗೆ ನ್ಯಾವಿಗೇಟರ್. ವಿಮಾನದಿಂದ ಎಸೆದು ಹೊರಹಾಕುವ ಆಸನ ಇದ್ದದ್ದು ಪೈಲಟ್‌ಗೆ ಮಾತ್ರ. ನ್ಯಾವಿಗೇಟರ್ ಬಾಗಿಲು ತೆಗೆದು ಹಾರಬೇಕಿತ್ತು; ನೆಲದ ಹತ್ತಿರ ಪೆಟ್ಟು ಬಿದ್ದರೆ ಅದಕ್ಕೆ ಸಮಯವೇ ಸಿಗುತ್ತಿರಲಿಲ್ಲ. ನನ್ನ ಮಟ್ಟಿಗೆ ಆ ವಿಮಾನದ ಅತ್ಯಂತ ಕಠಿಣ ಸಂಗತಿ ಅದು.

ದೇವಯ್ಯನವರದು ಫ್ರಾನ್ಸಿನ ಮಿಸ್ಟೇರ್. ಬಾಂಬು, ರಾಕೆಟ್ ಹೊತ್ತು ನೆಲದ ಗುರಿಗಳ ಮೇಲೆ ಎರಗುವ ಫೈಟರ್ ಬಾಂಬರ್ ಅದು. ಒಂದೇ ಆಸನ. ಹಾಗಾಗಿ ಜೊತೆಗಾರರು ಯಾರೂ ಇರಲಿಲ್ಲ.

1932ರ ಡಿಸೆಂಬರ್ 24ರಂದು ಹುಟ್ಟಿದ ದೇವಯ್ಯ 1954ರಲ್ಲಿ ವಾಯುಪಡೆ ಸೇರಿದರು. ಹೊಸ ಪೈಲಟ್‌ಗಳಿಗೆ ಹಾರಾಟ ಕಲಿಸುವ ಕೆಲಸದಲ್ಲಿದ್ದವರನ್ನು ಯುದ್ಧ ಶುರುವಾದಾಗ ಪಂಜಾಬಿನ ಆದಂಪುರದಲ್ಲಿದ್ದ 1ನೇ ಸ್ಕ್ವಾಡ್ರನ್‌ಗೆ ಕಳಿಸಲಾಯಿತು. ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನ ನಮ್ಮ ವಾಯುನೆಲೆಗಳ ಮೇಲೆ ದಾಳಿ ಮಾಡಿತು. ಮರುದಿನ ಬೆಳಕು ಹರಿಯುವ ಮುನ್ನವೇ, ಸುಮಾರು 300 ಕಿ.ಮೀ. ದೂರದ ಸರ್ಗೋಧಾ ಕಡೆಗೆ 12 ಮಿಸ್ಟೇರ್‌ಗಳು ಹೊರಡಬೇಕೆಂದು ತೀರ್ಮಾನವಾಯಿತು. ಮುಂದಾಳು ವಿಂಗ್ ಕಮಾಂಡರ್ ಒ.ಪಿ. ತನೇಜಾ. ದೇವಯ್ಯ ಆ ಹನ್ನೆರಡರಲ್ಲಿ ಇರಲೇ ಇಲ್ಲ. ಅವರು ಬದಲಿ ಪೈಲಟ್. ಒಂದು ವಿಮಾನ ಹಿಂದುಳಿದದ್ದರಿಂದ ಅವರಿಗೆ ಅವಕಾಶ ಬಂತು.

ದಾಳಿ ಮುಗಿಸಿ ಹಿಂತಿರುಗುವಾಗ ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಅವರ ಎಫ್-104 ಸ್ಟಾರ್‌ಫೈಟರ್ ಬೆನ್ನಟ್ಟಿತು. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ, ಕ್ಷಿಪಣಿ ಹೊತ್ತ ವಿಮಾನ ಅದು. ಮಿಸ್ಟೇರ್ ನೆಲಮಟ್ಟದ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟುತ್ತಿರಲಿಲ್ಲ. ಕಾದಾಡಲು ಇದ್ದದ್ದು 30 ಮಿ.ಮೀ.ನ ಎರಡು ತೋಪು. ದೇವಯ್ಯನವರ ವಿಮಾನಕ್ಕೆ ಗುಂಡು ತಗುಲಿತು. ಆದರೂ ಅವರು ತಿರುಗಿ ನಿಂತರು. ಸ್ಟಾರ್‌ಫೈಟರ್‌ಗೆ ರೆಕ್ಕೆ ಗಿಡ್ಡ. ನೇರ ಓಟದಲ್ಲಿ ಅದನ್ನು ಹಿಡಿಯುವಂತಿಲ್ಲ, ಆದರೆ ನೆಲದ ಹತ್ತಿರ ಸುತ್ತಿ ಸುತ್ತಿ ತಿರುಗುವ ಕಾದಾಟಕ್ಕೆ ಇಳಿದರೆ ಅದರ ಮೇಲುಗೈ ಕರಗುತ್ತದೆ. ದೇವಯ್ಯನವರ ಗುಂಡುಗಳು ತಾಕಿದವು. ಹುಸೇನ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು, ದೇವಯ್ಯ ಉಳಿಯಲಿಲ್ಲ. ಆಗ ಅವರಿಗೆ 32 ವರ್ಷ.

ಈಗ ನಿಮ್ಮ ಮೂರನೆಯ ಪ್ರಶ್ನೆಗೆ ಬರೋಣ. ಉಳಿದ ಪೈಲಟ್‌ಗಳು ಇಂಧನ ಲೆಕ್ಕ ಹಾಕುತ್ತಾ, ನೆಲಕ್ಕೆ ತಾಗುವಷ್ಟು ಕೆಳಗೆ, ಆದಷ್ಟು ವೇಗವಾಗಿ ಗಡಿ ದಾಟುತ್ತಿದ್ದರು. ಈ ಕಾದಾಟವನ್ನು ಯಾರೂ ಕಾಣಲಿಲ್ಲ. ದೇವಯ್ಯನವರ ವಿಮಾನದಲ್ಲಿ ಎರಡನೆಯವರು ಇರಲಿಲ್ಲ. ಆದ್ದರಿಂದ ವಾಯುಪಡೆಯ ದಾಖಲೆಯಲ್ಲಿ ಅವರು ಕಾಣೆಯಾದವರಾಗಿ, ನಂತರ ಮೃತರಾಗಿ ಉಳಿದರು. ಸಾಕ್ಷಿ ಇದ್ದದ್ದು ಗಡಿಯ ಆಚೆಗೆ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ವಾಯುಪಡೆಯ ಮೂಲಗಳಿಂದ 1965ರ ವಾಯುಯುದ್ಧದ ಬಗ್ಗೆ ಬರೆದ ಪುಸ್ತಕ 1979ರಲ್ಲಿ ಪ್ರಕಟವಾಯಿತು; ಹುಸೇನ್ ಅವರ ಸ್ಟಾರ್‌ಫೈಟರ್ ಬಿದ್ದದ್ದು ಒಂದು ಮಿಸ್ಟೇರ್ ಜೊತೆಗಿನ ಕಾದಾಟದಲ್ಲಿ ಎಂಬುದು ಅದರಲ್ಲಿತ್ತು. ಆ ಬೆಳಗಿನ ದಾಳಿಯಿಂದ ಹಿಂತಿರುಗದ ಮಿಸ್ಟೇರ್ ಒಂದೇ. ನಿವೃತ್ತರಾಗಿದ್ದ ತನೇಜಾ ಈ ವಿಷಯವನ್ನು ಪಟ್ಟುಬಿಡದೆ ವಾಯುಪಡೆಯ ಮುಂದಿಟ್ಟರು. 1988ರಲ್ಲಿ ಮಹಾವೀರ ಚಕ್ರ ಮರಣೋತ್ತರವಾಗಿ ಘೋಷಣೆಯಾಗಿ, ಪತ್ನಿ ಸುಂದರಿ ದೇವಯ್ಯ ಅದನ್ನು ಸ್ವೀಕರಿಸಿದರು. ತಡವಾದದ್ದಕ್ಕೆ ಉದಾಸೀನವೇ ಕಾರಣ ಎಂದು ಕೆಲವರು ಹೇಳುವುದುಂಟು. ಮೊದಲ 14 ವರ್ಷ ಸಾಕ್ಷ್ಯವೇ ಇರಲಿಲ್ಲ. ಆಮೇಲಿನ ಒಂಬತ್ತು ವರ್ಷಗಳ ಬಗ್ಗೆ ಆ ಮಾತನ್ನು ನಾನು ತಳ್ಳಿಹಾಕಲಾರೆ.

2025ರ ಹಿಂದಿ ಚಿತ್ರ ‘ಸ್ಕೈ ಫೋರ್ಸ್’ಗೆ ಇದೇ ಘಟನೆ ಆಧಾರ. ಅಲ್ಲಿ ಹೆಸರುಗಳನ್ನು ಬದಲಿಸಿದ್ದಾರೆ, ಕಥೆಯನ್ನೂ ಹಿಗ್ಗಿಸಿದ್ದಾರೆ. ಅದನ್ನೇ ಚರಿತ್ರೆ ಎಂದುಕೊಳ್ಳಬೇಡಿ. ಮಡಿಕೇರಿಯಲ್ಲಿ ದೇವಯ್ಯನವರ ಹೆಸರಿನ ವೃತ್ತವಿದೆ, ಪ್ರತಿಮೆಯೂ ಇದೆ. ಆ ಕಡೆ ಹೋದಾಗ ನೋಡಿ ಬನ್ನಿ.