ನಮ್ಮ ನೆಲೆಯೂ ಯಂತ್ರಸಾಧನಗಳೂ

ಮನುಷ್ಯನ ವಾಸಸ್ಥಾನವನ್ನು ನಿರ್ಧರಿಸುವುದು ಯಾವುದು? ಈ ಪ್ರಶ್ನೆಗೆ ಜನರಲ್ಲಿ ಎರಡು ಬಗೆಯ ಉತ್ತರಗಳು ರೂಢಿಯಲ್ಲಿವೆ. ಯಂತ್ರಗಳೂ ವಾಹನಗಳೂ ಹೆಚ್ಚಿದುದರಿಂದಲೇ ಹಳ್ಳಿಗಳು ಬರಿದಾದುವೆಂಬುದು ಒಂದು. ಮೊಬೈಲು, ಅಂತರಜಾಲಗಳು ಮನೆಬಾಗಿಲಿಗೆ ಬಂದಿರುವಾಗ ಎಲ್ಲಿದ್ದರೂ ಒಂದೇ ಎಂಬುದು ಮತ್ತೊಂದು. ಇವೆರಡೂ ಅರ್ಧಸತ್ಯಗಳೆಂದು ನಮಗೆ ತೋರುತ್ತದೆ. ನಮ್ಮ ಕಾಸರಗೋಡಿನ ನಿದರ್ಶನದಿಂದಲೇ ಈ ವಿಷಯವನ್ನು ವಿಚಾರಮಾಡೋಣ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರು ಮಳೆ ಬೀಳುತ್ತದೆ. ಆದರೆ ಅದರ ಬಹುಭಾಗವು ಮಳೆಗಾಲದ ಕೆಲವೇ ತಿಂಗಳುಗಳಲ್ಲಿ ಸುರಿದು, ಗುಡ್ಡಗಳಿಂದ ಬೇಗನೆ ಹರಿದುಹೋಗುತ್ತದೆ. ಬೇಸಗೆಯಲ್ಲಿ ಗುಡ್ಡದ ಓರೆಯಲ್ಲಿ ನೀರು ದುರ್ಲಭ. ಇದಕ್ಕೆ ಹಿರಿಯರು ಕಂಡುಕೊಂಡ ಉಪಾಯವೇ ಸುರಂಗ. ಎಣ್ಮಕಜೆ, ಬಾಯಾರು, ಪೈವಳಿಕೆ ಮೊದಲಾದ ಕಡೆಗಳಲ್ಲಿ ಇವನ್ನು ಇಂದಿಗೂ ಕಾಣಬಹುದು. ಮುರಕಲ್ಲಿನ ಗುಡ್ಡವನ್ನು, ಒಬ್ಬನು ಹೋಗಿಬರುವಷ್ಟು ಅಗಲಕ್ಕೆ, ಅಡ್ಡವಾಗಿ ಕೊರೆಯುತ್ತಾರೆ. ಒಬ್ಬನು ಪಿಕ್ಕಾಸಿನಿಂದ ಅಗೆದರೆ ಇನ್ನೊಬ್ಬನು ಮಣ್ಣನ್ನು ಹೊರಗೆ ಸಾಗಿಸುತ್ತಾನೆ. ದೀಪವು ಮಂಕಾದರೆ ಒಳಗೆ ಗಾಳಿ ಸಾಲದೆಂದು ಅರಿತುಕೊಳ್ಳುತ್ತಾರೆ. ಒಸರು ದೊರೆತಾಗ ನೀರು ತಾನಾಗಿಯೇ ಹರಿದು ಹೊರಗಿನ ಸಣ್ಣ ಕೆರೆಯನ್ನು ಸೇರುತ್ತದೆ. ಅದನ್ನು ಮೇಲೆತ್ತಲು ಏತವೂ ಬೇಡ, ಪಂಪೂ ಬೇಡ. ಈ ನೀರಿನ ಬಲದಿಂದಲೇ ಓರೆಯಲ್ಲಿ ಅಡಿಕೆ ತೋಟಗಳೂ ಮನೆಗಳೂ ಎದ್ದುವು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಸುರಂಗವು ಜನರನ್ನು ಗುಡ್ಡಕ್ಕೆ ಕರೆಯಲಿಲ್ಲ. ಗುಡ್ಡದಲ್ಲಿ ಬಾಳಬೇಕೆಂದು ಬಗೆದವರು ಸುರಂಗವನ್ನು ತೋಡಿದರು. ಆದುದರಿಂದ ಹಳ್ಳಿ ಬರಿದಾದುದಕ್ಕೆ ಯಂತ್ರವೊಂದನ್ನೇ ದೂರುವುದು ಸರಿಯಲ್ಲ. ಊರಿನಿಂದ ಒಬ್ಬನನ್ನು ಮಂಗಳೂರಿಗೆ ಒಯ್ಯುವ ರೈಲೇ ಸಾಯಂಕಾಲ ಅವನನ್ನು ಹಿಂದಕ್ಕೆ ತರಬಲ್ಲದು.

ಇನ್ನು ಎರಡನೆಯ ಅಭಿಪ್ರಾಯ. 2020ರ ಮಾರ್ಚ್ ತಿಂಗಳಲ್ಲಿ, ಕೊರೋನಾ ವ್ಯಾಧಿಯ ಕಾಲದಲ್ಲಿ, ತಲಪಾಡಿಯ ಗಡಿಯಲ್ಲಿ ರಸ್ತೆ ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ರೋಗಿಗಳು ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ಅಂದು ಎಲ್ಲರ ಕೈಯಲ್ಲೂ ಮೊಬೈಲು ಇತ್ತು. ಅದು ವೈದ್ಯರ ಮಾತನ್ನು ತಂದಿತೇ ಹೊರತು ಚಿಕಿತ್ಸೆಯನ್ನು ತರಲಿಲ್ಲ. ಅದೇ ವರ್ಷ ಜೂನ್ 1ರಿಂದ ಪಾಠಗಳು ಪರದೆಯ ಮೇಲೆ ಬಂದುವು. ಅವು ಉಪಕಾರವನ್ನೇ ಮಾಡಿದುವು. ಆದರೂ ಶಾಲೆ ತೆರೆದ ದಿನ ಮಕ್ಕಳ ಮುಖಗಳಲ್ಲಿ ಕಂಡ ಹರ್ಷವು, ಪರದೆಯಲ್ಲಿ ದೊರೆಯದುದು ಶಾಲೆಯಲ್ಲಿ ಇದೆಯೆಂಬುದನ್ನು ನಮಗೆ ತಿಳಿಸಿತು. ಎಲ್ಲಿದ್ದರೂ ಒಂದೇ ಎಂಬುದು ನಿಜವಲ್ಲ.

ಉದ್ಯೋಗಕ್ಕಾಗಿಯೋ ಚಿಕಿತ್ಸೆಗಾಗಿಯೋ ಊರು ಬಿಡುವವರನ್ನು ನಾವು ಆಕ್ಷೇಪಿಸುವುದಿಲ್ಲ. ಅವರ ಕಷ್ಟ ಅವರಿಗೇ ಗೊತ್ತು. ಆದರೆ ಒಂದು ಮನೆ ಬಿಟ್ಟುಹೋಗುವುದು ಆ ಮನೆಯ ವಿಷಯ. ಹತ್ತು ಮನೆಗಳು ಹೋದರೆ ಅದು ಊರಿನ ವಿಷಯವಾಗುತ್ತದೆ. ಮಕ್ಕಳ ಸಂಖ್ಯೆಯನ್ನು ಅನುಸರಿಸಿ ಅಧ್ಯಾಪಕರ ಹುದ್ದೆಗಳು ನಿಗದಿಯಾಗುತ್ತವೆ. ಮಕ್ಕಳು ಕಡಿಮೆಯಾದರೆ ಕನ್ನಡದ ತರಗತಿ ನಿಲ್ಲುತ್ತದೆ. ತರಗತಿ ನಿಂತರೆ, ಇರಬೇಕೆಂದಿದ್ದ ಹನ್ನೊಂದನೆಯ ಮನೆಗೂ ಹೋಗಲು ಕಾರಣ ದೊರೆಯುತ್ತದೆ. ಹೀಗೆ ಒಬ್ಬರ ಆಯ್ಕೆ ಮತ್ತೊಬ್ಬರ ಆಯ್ಕೆಯನ್ನು ಕಿರಿದುಮಾಡುತ್ತದೆ. ಗಡಿನಾಡಿನ ನಮಗೆ ಇದು ಬರಿಯ ಚರ್ಚೆಯ ಮಾತಲ್ಲ.

ವಿದ್ಯಾರ್ಥಿಗಳೇ, ನಿಮಗೊಂದು ಅಭ್ಯಾಸ. ನಮ್ಮವರು ಇಲ್ಲಿ ಏಕೆ ನೆಲೆಸಿದರು? ಆಗ ನೀರು, ದಾರಿ, ಶಾಲೆ ಎಷ್ಟು ದೂರದಲ್ಲಿದ್ದುವು? ಇಂದು ಇಲ್ಲಿ ಉಳಿಯಲು ನಮಗೆ ಏನು ಬೇಕು? ಈ ಮೂರು ಪ್ರಶ್ನೆಗಳನ್ನು ಮನೆಯ ಹಿರಿಯರಲ್ಲಿ ಕೇಳಿ ಬರೆದು ತನ್ನಿರಿ. ಮೂರನೆಯದರ ಉತ್ತರಗಳನ್ನು ನಾವು ಒಟ್ಟುಗೂಡಿಸಿ, ಪೋಷಕರ ಸಭೆಯಲ್ಲಿ ಓದಿಹೇಳುತ್ತೇವೆ.