ಕಟ್ಟಡ ಸಾಮಗ್ರಿಗಳ ಗುಣಪರೀಕ್ಷೆ: ವರ್ತಕರೂ ಗುತ್ತಿಗೆದಾರರೂ ಅರಿತಿರಬೇಕಾದ ಅಂಶಗಳು

ನಮ್ಮ ಸದಸ್ಯರಲ್ಲಿ ಸಿಮೆಂಟ್ ಮತ್ತು ಕಬ್ಬಿಣದ ವರ್ತಕರು, ಇಟ್ಟಿಗೆ ಗೂಡುಗಳ ಮಾಲೀಕರು, ಜಲ್ಲಿ ಕ್ರಷರ್ ನಡೆಸುವವರು, ಕಟ್ಟಡ ಗುತ್ತಿಗೆದಾರರು ಹೀಗೆ ನಿರ್ಮಾಣ ಕ್ಷೇತ್ರವನ್ನು ಅವಲಂಬಿಸಿದವರು ಅನೇಕರಿದ್ದಾರೆ. ಇವರೆಲ್ಲರನ್ನೂ ಒಂದಲ್ಲ ಒಂದು ದಿನ ಕಾಡುವ ಪ್ರಶ್ನೆ ಒಂದೇ: ಕಟ್ಟಡದಲ್ಲಿ ದೋಷ ಕಂಡುಬಂದಾಗ ಹೊಣೆ ಯಾರದು? ಗುತ್ತಿಗೆದಾರರು ಸಿಮೆಂಟನ್ನು ದೂರುತ್ತಾರೆ. ಸಿಮೆಂಟ್ ವರ್ತಕರು ಮೇಸ್ತ್ರಿ ಸುರಿದ ಹೆಚ್ಚಿನ ನೀರನ್ನು ತೋರಿಸುತ್ತಾರೆ. ಮಾಲೀಕರು ಇಬ್ಬರ ಹಣವನ್ನೂ ತಡೆಹಿಡಿಯುತ್ತಾರೆ. ಆಗ ನೆರವಿಗೆ ಬರುವುದು ಸಕಾಲದಲ್ಲಿ, ಸರಿಯಾದ ಕ್ರಮದಲ್ಲಿ ನಡೆಸಿದ ಪರೀಕ್ಷೆಯ ವರದಿ ಮಾತ್ರ.

ಇಂತಹ ವಿವಾದಗಳು ಹೊಸತಲ್ಲ. ಸಾಮಗ್ರಿಗಳ ಬಲವನ್ನು ಶುಲ್ಕ ಪಡೆದು ಪರೀಕ್ಷಿಸುವುದನ್ನೇ ವೃತ್ತಿಯಾಗಿಸಿಕೊಂಡ ಡೇವಿಡ್ ಕಿರ್ಕಾಲ್ಡಿ 1874ರಲ್ಲಿ ಲಂಡನ್ನಿನ ಸೌತ್‌ವರ್ಕ್ ಬೀದಿಯಲ್ಲಿ ತೆರೆದ ಪರೀಕ್ಷಾಲಯದ ಬಾಗಿಲ ಮೇಲೆ, ಇಲ್ಲಿ ದೊರೆಯುವುದು ವಾಸ್ತವಾಂಶ, ಅಭಿಪ್ರಾಯವಲ್ಲ ಎಂಬ ಅರ್ಥದ ಮಾತನ್ನು ಕೆತ್ತಿಸಿದ್ದರು. ನಮ್ಮ ದೇಶದಲ್ಲಿ ಕೋಲ್ಕತ್ತದ ಅಲಿಪುರದಲ್ಲಿ ಸರ್ಕಾರಿ ಪರೀಕ್ಷಾಲಯವು 1912ರಲ್ಲಿ ಆರಂಭವಾಯಿತು. ಇಂದು ಅನುಸರಿಸಬೇಕಾದ ವಿಧಾನಗಳನ್ನೂ ಮಿತಿಗಳನ್ನೂ ಭಾರತೀಯ ಮಾನಕ ಬ್ಯೂರೋ ಗೊತ್ತುಪಡಿಸುತ್ತದೆ.

ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ, ಕಾಂಕ್ರೀಟಿನ ನಿರ್ಣಾಯಕ ಫಲಿತಾಂಶ ಕೈಸೇರುವುದು 28 ದಿನಗಳ ನಂತರ. ಅಷ್ಟರಲ್ಲಿ ಮೇಲಿನ ಅಂತಸ್ತಿನ ಕೆಲಸ ಮುಂದುವರಿದಿರುತ್ತದೆ. ಆದುದರಿಂದ ಸಾಮಗ್ರಿಯು ಕೆಲಸಕ್ಕೆ ಬಳಕೆಯಾಗುವ ಮೊದಲೇ ಮಾಡುವ ಪರೀಕ್ಷೆಯೇ ಅಲ್ಪ ವೆಚ್ಚದಲ್ಲಿ ಹೆಚ್ಚು ರಕ್ಷಣೆ ನೀಡುವಂಥದು.

1. ಸಿಮೆಂಟ್

ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್ ನೀರು ಬೆರೆಸಿದ 30 ನಿಮಿಷಗಳೊಳಗೆ ಬಿಗಿಯಲಾರಂಭಿಸಬಾರದು. 600 ನಿಮಿಷಗಳೊಳಗೆ ಪೂರ್ಣವಾಗಿ ಬಿಗಿಯಬೇಕು. ಒಂದು ಭಾಗ ಸಿಮೆಂಟಿಗೆ ಮೂರು ಭಾಗ ಪ್ರಮಾಣಿತ ಮರಳು ಬೆರೆಸಿ ಮಾಡಿದ ಘನಗಳನ್ನು ಯಂತ್ರದಲ್ಲಿ ಒತ್ತಿ ಅದರ ಬಲವನ್ನು ಅಳೆಯಲಾಗುತ್ತದೆ. ಈ ಮರಳು ತಮಿಳುನಾಡಿನ ಎಣ್ಣೂರಿನದು. 53 ದರ್ಜೆಯ ಸಿಮೆಂಟಿನ ಘನಗಳು 3 ದಿನಗಳಲ್ಲಿ ಚದರ ಮಿಲಿಮೀಟರಿಗೆ 27, 7 ದಿನಗಳಲ್ಲಿ 37 ಹಾಗೂ 28 ದಿನಗಳಲ್ಲಿ 53 ನ್ಯೂಟನ್ ಒತ್ತಡವನ್ನು ಕನಿಷ್ಠ ತಾಳಬೇಕು.

ವರ್ತಕರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಮಾರಾಟಗಾರರ ದಾಸ್ತಾನಿನಲ್ಲಿ 3 ತಿಂಗಳಿಗಿಂತ ಹೆಚ್ಚು ಕಾಲ ಉಳಿದ ಚೀಲದ ಸಿಮೆಂಟನ್ನು ಬಳಕೆಗೆ ಮುನ್ನ ಮರುಪರೀಕ್ಷೆಗೆ ಒಳಪಡಿಸಬೇಕೆಂದು ಮಾನಕವು ವಿಧಿಸುತ್ತದೆ. ಚೀಲದ ಮೇಲೆ ತಯಾರಿಕೆಯ ವಾರ ಮತ್ತು ವರ್ಷ ಮುದ್ರಿತವಾಗಿರುತ್ತವೆ. ಮೊದಲು ಬಂದ ಚೀಲ ಮೊದಲು ಹೊರಹೋಗುವಂತೆ ಗೋದಾಮಿನಲ್ಲಿ ಜೋಡಿಸುವುದು ಮತ್ತು ಚೀಲಗಳು ನೆಲಕ್ಕೂ ಗೋಡೆಗೂ ತಾಗದಂತೆ ನೋಡಿಕೊಳ್ಳುವುದು ಮಳೆಗಾಲದಲ್ಲಿ ತೀರ ಅಗತ್ಯ. ಬೆರಳುಗಳ ನಡುವೆ ಹಿಸುಕಿದರೂ ಪುಡಿಯಾಗದ ಗಂಟುಗಳಿದ್ದರೆ ಆ ಸಿಮೆಂಟ್ ತೇವ ಹೀರಿದೆಯೆಂದು ತಿಳಿಯಬೇಕು.

2. ಇಟ್ಟಿಗೆ

ಸುಟ್ಟ ಇಟ್ಟಿಗೆಯನ್ನು ಒಲೆಯಲ್ಲಿ ಪೂರ್ಣ ಒಣಗಿಸಿ ತೂಗಿ, 24 ಗಂಟೆ ನೀರಿನಲ್ಲಿ ಮುಳುಗಿಸಿ ಮತ್ತೆ ತೂಗಿದರೆ ಅದು ಹೀರುವ ನೀರಿನ ಪ್ರಮಾಣ ತಿಳಿಯುತ್ತದೆ. ಉದಾಹರಣೆಗೆ, 3 ಕಿಲೋ ತೂಗುವ ಇಟ್ಟಿಗೆ 3.6 ಕಿಲೋ ಆದರೆ ಹೀರಿಕೆ ಶೇ. 20. 12.5 ದರ್ಜೆಯವರೆಗಿನ ಇಟ್ಟಿಗೆಗಳಿಗೆ ಇದೇ ಗರಿಷ್ಠ ಮಿತಿ. ಅದಕ್ಕೂ ಮೇಲಿನ ದರ್ಜೆಗಳಿಗೆ ಶೇ. 15. ಹೆಚ್ಚು ನೀರು ಹೀರುವ ಇಟ್ಟಿಗೆಯು ಗಾರೆಯ ನೀರನ್ನೂ ಸೆಳೆದುಕೊಂಡು ಗೋಡೆಯ ಬಂಧವನ್ನು ಸಡಿಲಗೊಳಿಸುತ್ತದೆ. ಮಣ್ಣಿನಲ್ಲಿ ಲವಣಾಂಶವಿದ್ದರೆ ಒಣಗಿದ ನಂತರ ಬಿಳಿ ಉಪ್ಪು ಹೊರಹೊಮ್ಮುತ್ತದೆ. ಗೂಡಿನ ಮಾಲೀಕರು ಮಣ್ಣು ತರುವ ಸ್ಥಳ ಬದಲಾದಾಗಲೆಲ್ಲ ಈ ಪರೀಕ್ಷೆಗಳನ್ನು ಮತ್ತೆ ಮಾಡಿಸುವುದು ಉಚಿತ.

3. ಮರಳು ಮತ್ತು ಎಂ-ಸ್ಯಾಂಡ್

ನದಿಯ ಮರಳಿನ ಅಭಾವದಿಂದ ಎಂ-ಸ್ಯಾಂಡ್ ಬಳಕೆ ವ್ಯಾಪಕವಾಗಿದ್ದು, 2016ರಲ್ಲಿ ಪರಿಷ್ಕೃತವಾದ ಐಎಸ್ 383 ಮಾನಕದಲ್ಲಿ ಇದಕ್ಕೂ ನಿಯಮಗಳಿವೆ. 75 ಮೈಕ್ರಾನ್ ಜರಡಿಯಿಂದ ಕೆಳಗಿಳಿಯುವ ನುಣುಪು ಪುಡಿಯು ನೈಸರ್ಗಿಕ ಮರಳಿನಲ್ಲಿ ತೂಕದ ಶೇ. 3ನ್ನು ಮೀರಬಾರದು, ಕಲ್ಲು ಪುಡಿಮಾಡಿ ತಯಾರಿಸಿದ ಮರಳಿನಲ್ಲಿ ಶೇ. 15ರವರೆಗೆ ಅವಕಾಶವಿದೆ. ಕ್ರಷರಿನ ದೂಳನ್ನೇ ಎಂ-ಸ್ಯಾಂಡ್ ಎಂದು ಕಳುಹಿಸಿದರೆ ಈ ಒಂದು ಜರಡಿ ಪರೀಕ್ಷೆಯೇ ಅದನ್ನು ಬಯಲಿಗೆಳೆಯಬಲ್ಲದು.

ಘನ ಅಡಿಯ ಲೆಕ್ಕದಲ್ಲಿ ವ್ಯವಹರಿಸುವವರಿಗೆ ಇನ್ನೊಂದು ಗುಣ ಮುಖ್ಯ. ತೇವವಾದ ಮರಳು ಉಬ್ಬುತ್ತದೆ. ಇದನ್ನು ಕೆಲಸದ ಸ್ಥಳದಲ್ಲಿಯೇ ಅಳೆಯಬಹುದು: ಪಾತ್ರೆಯೊಂದರ ಮೂರನೇ ಎರಡು ಭಾಗದವರೆಗೆ ತೇವದ ಮರಳನ್ನು ಸಡಿಲವಾಗಿ ತುಂಬಿ, ಮೇಲ್ಮೈ ಸಮಮಾಡಿ ಎತ್ತರವನ್ನು ಗುರುತಿಸಿಕೊಳ್ಳಬೇಕು. ಮರಳನ್ನು ಹೊರತೆಗೆದು, ಪಾತ್ರೆಗೆ ಅರ್ಧದಷ್ಟು ನೀರು ತುಂಬಿ, ಅದೇ ಮರಳನ್ನು ಮರಳಿ ಹಾಕಿ ಕಲಕಬೇಕು. 200 ಮಿಲಿಮೀಟರ್ ಇದ್ದ ಎತ್ತರ 160ಕ್ಕೆ ಇಳಿದರೆ ಉಬ್ಬುವಿಕೆ ಶೇ. 25. ಅಂದರೆ ಅಂತಹ 100 ಘನ ಅಡಿ ಮರಳಿನಲ್ಲಿ ವಾಸ್ತವವಾಗಿ ದೊರೆತದ್ದು 80 ಘನ ಅಡಿ ಮಾತ್ರ.

4. ಕಬ್ಬಿಣದ ಕಂಬಿ

12 ಮಿಲಿಮೀಟರ್ ಕಂಬಿಯ ಪ್ರಮಾಣಿತ ತೂಕ ಮೀಟರಿಗೆ 888 ಗ್ರಾಂ. ಕಂಬಿಯ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಯಾವುದೇ ಗಾತ್ರದ ಕಂಬಿಯ ತೂಕ ಮೀಟರಿಗೆ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಇಡೀ ತಂಡದ ಸರಾಸರಿಯಲ್ಲಿ 12 ಮಿಲಿಮೀಟರ್ ಕಂಬಿಗೆ ಶೇ. 5ರಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ. ತೂಕ ಇದಕ್ಕಿಂತ ಕಡಿಮೆಯಾದರೆ ಕಟ್ಟಡದ ಬಲಕ್ಕೆ ಧಕ್ಕೆ. ಹೆಚ್ಚಾದರೆ ಟನ್ನಿಗೆ ದೊರೆಯುವ ಉದ್ದ ಕಡಿಮೆಯಾಗಿ ಕೊಳ್ಳುವವರಿಗೆ ನಷ್ಟ.

ಬಲದ ಜೊತೆಗೆ ಹಿಗ್ಗುವ ಗುಣವನ್ನೂ ನೋಡಬೇಕು. ಎಳೆತದ ಪರೀಕ್ಷೆಯಲ್ಲಿ ತುಂಡಾಗುವ ಮುನ್ನ ಎಫ್‌ಇ 500 ಕಂಬಿ ಕನಿಷ್ಠ ಶೇ. 12, ಎಫ್‌ಇ 500ಡಿ ಕಂಬಿ ಶೇ. 16ರಷ್ಟು ಹಿಗ್ಗಬೇಕು. ಕಂಬಿ ಹಿಗ್ಗಿದರೆ ಕಟ್ಟಡ ಬಾಗಿ, ಬಿರುಕು ತೋರಿ ಒಳಗಿರುವವರಿಗೆ ಮುನ್ಸೂಚನೆ ನೀಡುತ್ತದೆ. ಹಿಗ್ಗದ ಕಂಬಿ ಸೂಚನೆಯಿಲ್ಲದೆ ತುಂಡಾಗುತ್ತದೆ.

5. ಕಾಂಕ್ರೀಟ್

ಕಾಂಕ್ರೀಟನ್ನು 150 ಮಿಲಿಮೀಟರ್ ಅಳತೆಯ ಘನಾಕಾರದ ಅಚ್ಚುಗಳಲ್ಲಿ ತುಂಬಿ, ನೀರಿನಲ್ಲಿಟ್ಟು, 28ನೆಯ ದಿನ ಒತ್ತಿ ಪರೀಕ್ಷಿಸಲಾಗುತ್ತದೆ. ಘನದ ಒಂದು ಮುಖದ ವಿಸ್ತೀರ್ಣ 22,500 ಚದರ ಮಿಲಿಮೀಟರ್. ಅದು 450 ಕಿಲೋನ್ಯೂಟನ್ ಭಾರಕ್ಕೆ ಒಡೆದರೆ ಬಲ ಚದರ ಮಿಲಿಮೀಟರಿಗೆ 20 ನ್ಯೂಟನ್. 2000ದ ಐಎಸ್ 456 ಮಾನಕದಂತೆ 5 ಘನ ಮೀಟರಿನವರೆಗೆ ಒಂದು, 6ರಿಂದ 15ಕ್ಕೆ ಎರಡು, 16ರಿಂದ 30ಕ್ಕೆ ಮೂರು ಮಾದರಿಗಳನ್ನು ತೆಗೆಯಬೇಕು. ಪ್ರತಿ ಮಾದರಿಗೂ ಮೂರು ಘನಗಳ ಸರಾಸರಿಯೇ ಫಲಿತಾಂಶ. ಯಾವುದೇ ಘನ ಸರಾಸರಿಯಿಂದ ಶೇ. 15ಕ್ಕಿಂತ ಹೆಚ್ಚು ದೂರ ಸರಿದರೆ ಆ ಮಾದರಿಯ ಫಲಿತಾಂಶ ಅಸಿಂಧು.

ಅಚ್ಚಿಗೆಂದೇ ಪ್ರತ್ಯೇಕವಾಗಿ ಹೆಚ್ಚು ಸಿಮೆಂಟ್ ಬೆರೆಸಿ ಕಲಸುವ ಪರಿಪಾಠ ಕೆಲವೆಡೆ ಉಂಟು. ಇದು ಆತ್ಮವಂಚನೆಯೇ ಸರಿ. ಅಲ್ಲದೆ, ಘನವು ತಾರಸಿಗೆ ಸುರಿದ ಕಾಂಕ್ರೀಟಿನ ಸಾಮರ್ಥ್ಯವನ್ನು ತೋರಿಸುತ್ತದೆಯೇ ಹೊರತು ತಾರಸಿಗೆ ಎಷ್ಟು ದಿನ ನೀರುಣಿಸಲಾಯಿತು ಎಂಬುದನ್ನಲ್ಲ. ಘನಗಳು ಅನುತ್ತೀರ್ಣವಾದರೆ ಕಟ್ಟಡದಿಂದಲೇ ಕೊರೆದು ತೆಗೆದ ಕನಿಷ್ಠ ಮೂರು ತುಂಡುಗಳನ್ನು ಪರೀಕ್ಷಿಸಲು ಅವಕಾಶವಿದೆ. ಅವುಗಳ ಸರಾಸರಿ ನಿಗದಿತ ಬಲದ ಶೇ. 85ಕ್ಕೂ, ಪ್ರತಿಯೊಂದು ತುಂಡು ಶೇ. 75ಕ್ಕೂ ಕಡಿಮೆಯಿರಬಾರದು. ಕಟ್ಟಿದ ಮೇಲೆ ಕೊರೆಯುವ ಈ ಹಂತಕ್ಕೆ ಹೋಗದಿರುವುದೇ ಎಲ್ಲರಿಗೂ ಲೇಸು.

ವರದಿಯ ಮೌಲ್ಯ ಮಾದರಿಯಲ್ಲಿದೆ

ಪರೀಕ್ಷಾಲಯವು ತನ್ನ ಮುಂದೆ ತಂದಿಟ್ಟ ಮಾದರಿಯ ಬಗ್ಗೆ ಮಾತ್ರ ಹೇಳಬಲ್ಲದು; ಲಾರಿಯಲ್ಲಿದ್ದ ಮಾಲಿನ ಬಗ್ಗೆ ಅಲ್ಲ. ಆದುದರಿಂದ ಸದಸ್ಯರು ಈ ಕ್ರಮಗಳನ್ನು ರೂಢಿಸಿಕೊಳ್ಳುವುದು ಹಿತಕರ:

(ಅ) ಪೂರೈಕೆದಾರರು, ಗುತ್ತಿಗೆದಾರರು ಮತ್ತು ಮಾಲೀಕರ ಪ್ರತಿನಿಧಿ ಒಟ್ಟಾಗಿ ರಾಶಿಯ ಹಲವು ಭಾಗಗಳಿಂದ ಮಾದರಿ ತೆಗೆಯಬೇಕು.

(ಆ) ದಿನಾಂಕ, ಲಾರಿಯ ಸಂಖ್ಯೆ, ತಯಾರಿಕೆಯ ತಂಡದ ಸಂಖ್ಯೆಗಳನ್ನು ಬರೆದು, ಮೊಹರು ಮಾಡಿ, ಮೂವರೂ ಸಹಿ ಹಾಕಬೇಕು.

(ಇ) ಸಾಧ್ಯವಿರುವೆಡೆ ಅದೇ ಮಾದರಿಯ ಇನ್ನೊಂದು ಪಾಲನ್ನು ಮೊಹರು ಮಾಡಿ, ತೇವ ತಾಗದಂತೆ ಕಾದಿರಿಸಬೇಕು.

(ಈ) ಪರೀಕ್ಷಾಲಯವು ಎನ್‌ಎಬಿಎಲ್ ಮಾನ್ಯತೆ ಪಡೆದಿದೆಯೇ, ಆ ಮಾನ್ಯತೆ ನಮಗೆ ಬೇಕಾದ ಪರೀಕ್ಷೆಗೂ ಅನ್ವಯಿಸುತ್ತದೆಯೇ ಎಂದು ನೋಡಬೇಕು.

(ಉ) ಪರೀಕ್ಷೆಯ ವೆಚ್ಚ ಯಾರದು, ಅನುತ್ತೀರ್ಣವಾದರೆ ಮುಂದಿನ ಕ್ರಮವೇನು ಎಂಬುದನ್ನು ಖರೀದಿ ಆದೇಶದಲ್ಲಿಯೇ ನಮೂದಿಸಬೇಕು.

ಪರೀಕ್ಷೆಯೆಂದರೆ ಮಾರುವವರ ಮೇಲಿನ ಅಪನಂಬಿಕೆಯೆಂದು ಭಾವಿಸುವವರು ಇದ್ದಾರೆ. ವಸ್ತುಸ್ಥಿತಿ ಇದಕ್ಕೆ ವ್ಯತಿರಿಕ್ತ. ಒಳ್ಳೆಯ ಮಾಲನ್ನು ಮಾರಿದವರಿಗೆ ಅದನ್ನು ರುಜುವಾತುಪಡಿಸಲು ಬೇರೆ ಸಾಕ್ಷಿಯಿಲ್ಲ. ಆ ಸಾಕ್ಷಿಯನ್ನು ಸಿದ್ಧಪಡಿಸಿಕೊಳ್ಳಬೇಕಾದುದು ವಿವಾದ ಎದ್ದ ದಿನವಲ್ಲ, ಮಾಲು ಇಳಿದ ದಿನ.